ಅನ್ಯಲೋಕದವರಿಗೆ ಬರೆಯುವ ಸಂದೇಶದ ಮೊದಲ ಪುಟ ಹೇಗಿರಬೇಕು?

ತುಮಕೂರಿನ ಗಣಿತ ಶಿಕ್ಷಕ

ಮಾನ್ಯರೇ, ನಮ್ಮ ಪ್ರೌಢಶಾಲೆಯ ಒಂಬತ್ತನೆಯ ತರಗತಿಯ ಮಕ್ಕಳು ಈ ಸಲದ ವಿಜ್ಞಾನ ಮೇಳಕ್ಕಾಗಿ ಅನ್ಯಲೋಕದ ಬುದ್ಧಿವಂತ ಜೀವಿಗಳಿಗೆ ಒಂದು ಸಂದೇಶ ಬರೆಯಲು ಹೊರಟಿದ್ದಾರೆ. ಸಂದೇಶ ಆಕಾಶಕ್ಕೇನೂ ಹೋಗುವುದಿಲ್ಲ; ಸೊನ್ನೆ ಮತ್ತು ಒಂದುಗಳ ಸಾಲಾಗಿ ಗೌರಿಬಿದನೂರಿನ ಒಂದು ಶಾಲೆಗೆ ಅಂಚೆಯಲ್ಲಿ ಹೋಗುತ್ತದೆ. ಅಲ್ಲಿನ ಮಕ್ಕಳು ನಮ್ಮನ್ನು ಏನೂ ಕೇಳದೆ ಅದನ್ನು ಬಿಡಿಸಬೇಕು. ಫೋನು ಮಾಡುವಂತಿಲ್ಲ, ಸುಳಿವು ಕೊಡುವಂತಿಲ್ಲ. ಮಕ್ಕಳು ಬರೆಯಲು ಕೂರುವ ಮುನ್ನ ಮೊದಲ ಪುಟದ ಸ್ವರೂಪದ ಬಗ್ಗೆ ಬಲ್ಲವರ ಅಭಿಪ್ರಾಯ ಪಡೆಯಬೇಕೆಂದು ಇಲ್ಲಿ ಬರೆಯುತ್ತಿದ್ದೇನೆ.

ಹಿನ್ನೆಲೆ ಎಲ್ಲರಿಗೂ ತಿಳಿದದ್ದೇ. 1974ರ ನವೆಂಬರ್ 16ರಂದು ಪೋರ್ಟೊ ರಿಕೊದ ಅರೆಸಿಬೊ ದೂರದರ್ಶಕದಿಂದ ಫ್ರಾಂಕ್ ಡ್ರೇಕ್ ಮತ್ತು ಸಂಗಡಿಗರು ರೂಪಿಸಿದ ಸಂದೇಶವನ್ನು 2380 ಮೆಗಾಹರ್ಟ್ಸ್ ಕಂಪನಾಂಕದಲ್ಲಿ ಎಂ13 ಎಂಬ ನಕ್ಷತ್ರಗುಚ್ಛದ ಕಡೆಗೆ ಕಳಿಸಲಾಯಿತು. ಅದರಲ್ಲಿದ್ದದ್ದು 1679 ಬಿಟ್‌ಗಳು, ಎಂದರೆ ಸೊನ್ನೆ ಅಥವಾ ಒಂದು ಎಂಬ ಅಂಕಿಗಳು. ಕಳಿಸಲು ಮೂರು ನಿಮಿಷವೂ ಹಿಡಿಯಲಿಲ್ಲ. 1679 ಎಂಬುದು 23 ಮತ್ತು 73 ಎಂಬ ಎರಡು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾದ್ದರಿಂದ ಆ ಸಾಲನ್ನು ಆಯತವಾಗಿ ಮಡಿಸಲು ಇರುವ ದಾರಿಗಳು ಎರಡೇ: 23 ಅಗಲ 73 ಉದ್ದ, ಇಲ್ಲವೇ 73 ಅಗಲ 23 ಉದ್ದ. ಒಂದರಲ್ಲಿ ಚಿತ್ರ ಮೂಡುತ್ತದೆ, ಇನ್ನೊಂದರಲ್ಲಿ ಗೊಂದಲ ಉಳಿಯುತ್ತದೆ. ಎಂ13 ಸುಮಾರು 25,000 ಜ್ಯೋತಿರ್ವರ್ಷ ದೂರದಲ್ಲಿದೆ. ಓದುವವರಿಗೆ ಅನುಮಾನ ಬಂದು ನಮ್ಮನ್ನು ಕೇಳಿದರೆ, ಕಳಿಸಿದ ದಿನದಿಂದ ಎಣಿಸಿ ಅವರ ಪ್ರಶ್ನೆ ನಮಗೆ ತಲುಪುವ ಹೊತ್ತಿಗೆ 50,000 ವರ್ಷ ಕಳೆದಿರುತ್ತದೆ.

ನನ್ನ ನಿಲುವು ಇಷ್ಟು. ಕೇಳಿ ತಿಳಿದುಕೊಳ್ಳುವ ಅವಕಾಶವೇ ಇಲ್ಲದ ಓದುಗನಿಗೆ ಬರೆಯುವಾಗ, ಏನು ಹೇಳಬೇಕೆಂಬುದಕ್ಕಿಂತ ಮೊದಲು, ತಾನು ಓದಿದ್ದು ಸರಿಯೆಂದು ಅವನಿಗೇ ಖಾತ್ರಿಯಾಗುವ ವ್ಯವಸ್ಥೆಯನ್ನು ಸಂದೇಶದೊಳಗೇ ಇಟ್ಟಿರಬೇಕು. ಚಿತ್ರವಿರಲಿ, ಲೆಕ್ಕವಿರಲಿ, ಈ ಒಂದು ಗುಣವಿಲ್ಲದಿದ್ದರೆ ಅದು ಕೇವಲ ಊಹೆಗೆ ಬಿಟ್ಟ ಒಗಟು. ಚರ್ಚೆಗೆ ಅನುಕೂಲವಾಗಲೆಂದು ಮಕ್ಕಳಲ್ಲೊಬ್ಬಳು ಮಾಡಿದ 35 ಅಂಕಿಗಳ ಪುಟ್ಟ ಸಂದೇಶವನ್ನು ಕೆಳಗೆ ಕೊಟ್ಟಿದ್ದೇನೆ. ದಯವಿಟ್ಟು ಬಿಡಿಸಿ ನೋಡಿ, ಕಂಡದ್ದನ್ನು ಕಂಡ ಹಾಗೆ ಬರೆಯಿರಿ.

00100011101010100100001000101010001

ಶಿಡ್ಲಘಟ್ಟದ ಓದುಗಿ

ಸರ್, ಗೆರೆ ಹಾಳೆಯ ಮೇಲೆ ಬಿಡಿಸಿದೆ. 35 ಎಂದರೆ 5 ಮತ್ತು 7. ಏಳೇಳು ಅಂಕಿಗಳ ಸಾಲು ಮಾಡಿದಾಗ ಏನೂ ಕಾಣಲಿಲ್ಲ. ಐದೈದು ಅಂಕಿಗಳಂತೆ ಏಳು ಸಾಲು ಬರೆದಾಗ ಹೀಗೆ ಬಂತು:

00100
01110
10101
00100
00100
01010
10001

ನನಗೆ ತಕ್ಷಣ ಕಂಡದ್ದು ಕೈಗಳನ್ನು ಇಳಿಬಿಟ್ಟು ಕಾಲು ಅಗಲಿಸಿ ನಿಂತ ಮನುಷ್ಯ. ಪಕ್ಕದಲ್ಲಿ ಕೂತಿದ್ದ ನನ್ನ ಮಗಳು ಅದನ್ನು ಮೇಲ್ಮುಖವಾದ ಬಾಣ ಎಂದಳು. ಮೊದಲ ಮೂರು ಸಾಲು ಬಾಣದ ಮೊನೆ, ಕೊನೆಯ ಎರಡು ಸಾಲು ಅದರ ಗರಿ. ಹಾಳೆಯನ್ನು ತಲೆಕೆಳಗು ಮಾಡಿದ ನಮ್ಮ ಅತ್ತೆಯವರಿಗೆ ಮೇಲೆ ಕವಲೊಡೆದು ಕೆಳಗೆ ಬೇರು ಬಿಟ್ಟ ಗಿಡ ಕಾಣಿಸಿತು. ಮೂವರೂ ಅಂಕಿಗಳನ್ನು ಸರಿಯಾಗಿಯೇ ಮಡಿಸಿದ್ದೇವೆ. ಹಾಗಾಗಿ ತಾವು ಹೇಳುವ ಖಾತ್ರಿಯು ಮಡಿಸುವ ಹಂತದವರೆಗೆ ಮಾತ್ರ ಬಂತು, ಅರ್ಥದ ಹಂತಕ್ಕೆ ಬರಲಿಲ್ಲ ಎಂದು ನನಗನ್ನಿಸುತ್ತದೆ.

ಕೋಲಾರದ ಶಾಸನಾಸಕ್ತ

ಮೇಡಂ ಅವರ ಮನೆಯಲ್ಲಿ ನಡೆದದ್ದು ಬಹಳ ಮುಖ್ಯವಾದದ್ದು. ಬಾಣದ ಮಾತು ಹೊಸದಲ್ಲ. 1972 ಮತ್ತು 1973ರಲ್ಲಿ ಹಾರಿಬಿಟ್ಟ ಪಯೋನಿಯರ್ 10 ಮತ್ತು 11 ನೌಕೆಗಳಲ್ಲಿ ಅನ್ಯಲೋಕದವರಿಗೆಂದು ಇಟ್ಟ ಫಲಕದ ಮೇಲೆ ನೌಕೆ ಸಾಗುವ ದಾರಿಯನ್ನು ತೋರಿಸಲು ಬಾಣದ ಗುರುತು ಬಳಸಿದ್ದಾರೆ. ಕಲಾ ಇತಿಹಾಸಕಾರ ಅರ್ನ್‌ಸ್ಟ್ ಗೋಂಬ್ರಿಚ್ ಆಗಲೇ ಇದಕ್ಕೆ ಆಕ್ಷೇಪ ಎತ್ತಿದ್ದರು: ಬಿಲ್ಲುಬಾಣ ಹಿಡಿದು ಬೇಟೆಯಾಡದ ಜೀವಿಗಳಿಗೆ ಆ ಗುರುತು ದಿಕ್ಕನ್ನು ಸೂಚಿಸುತ್ತದೆಂದು ಗೊತ್ತಾಗುವುದಾದರೂ ಹೇಗೆ?

ಅಷ್ಟು ದೂರ ಹೋಗುವುದೂ ಬೇಡ. ಕೋಲಾರ, ಮುಳಬಾಗಿಲು ಕಡೆಯ ಊರ ಬಾಗಿಲುಗಳಲ್ಲಿ, ಕೆರೆ ಏರಿಗಳ ಮೇಲೆ ನಿಂತಿರುವ ವೀರಗಲ್ಲುಗಳನ್ನು ನೋಡಿ. ಸಾಮಾನ್ಯವಾಗಿ ಮೂರು ಹಂತದ ಕಲ್ಲು. ಕೆಳಗಿನ ಹಂತದಲ್ಲಿ ವೀರ ಕಾದಾಡುತ್ತಿದ್ದಾನೆ. ನಡುವಿನ ಹಂತದಲ್ಲಿ ಅಪ್ಸರೆಯರು ಅವನನ್ನು ಕೈಹಿಡಿದು ಮೇಲಕ್ಕೊಯ್ಯುತ್ತಿದ್ದಾರೆ. ಮೇಲಿನ ಹಂತದಲ್ಲಿ ಅವನು ಶಿವಲಿಂಗದ ಸನ್ನಿಧಿಯಲ್ಲಿ ಕುಳಿತಿದ್ದಾನೆ. ಕಥೆ ಕೆಳಗಿನಿಂದ ಮೇಲಕ್ಕೆ ಸಾಗುತ್ತದೆ. ಪುಟವನ್ನು ಮೇಲಿನಿಂದ ಕೆಳಕ್ಕೆ ಓದಿ ರೂಢಿಯಿರುವ ಹೊರಗಿನವನೊಬ್ಬ ಇದನ್ನು ನೋಡಿದರೆ, ದೇವರ ಮುಂದೆ ನೆಮ್ಮದಿಯಾಗಿದ್ದ ಒಬ್ಬನನ್ನು ಹೆಂಗಸರು ಎಳೆದುತಂದು ಯುದ್ಧಕ್ಕೆ ನೂಕಿದರು ಎಂದು ಓದಿಕೊಳ್ಳಬಹುದು. ಚಿತ್ರದ ಒಂದೊಂದು ವಿವರವನ್ನೂ ಅವನು ಸರಿಯಾಗಿಯೇ ಗುರುತಿಸಿದ್ದಾನೆ, ಆದರೂ ಕಥೆ ಪೂರ್ತಿ ತಿರುಗುಮುರುಗಾಗಿದೆ. ಕಲ್ಲಿನ ನೆತ್ತಿಯ ಮೇಲಿರುವ ಸೂರ್ಯ ಚಂದ್ರರನ್ನು ಕಂಡು ಅವನು ಗ್ರಹಣದ ದಾಖಲೆಯೆಂದು ಭಾವಿಸಿದರೂ ಆಶ್ಚರ್ಯವಿಲ್ಲ. ಅವು ಈ ಕೀರ್ತಿ ಆಚಂದ್ರಾರ್ಕವಾಗಿ ನಿಲ್ಲಲಿ ಎಂಬುದರ ಗುರುತು ಎಂದು ನಮಗೆ ತಿಳಿದಿರುವುದು ದಾನಶಾಸನಗಳಲ್ಲಿ ಅದೇ ಮಾತು ಅಕ್ಷರದಲ್ಲಿ ಸಿಕ್ಕಿದ್ದರಿಂದ.

ವೀರಗಲ್ಲನ್ನು ನಾವು ಓದಬಲ್ಲೆವಾದರೆ ಅದಕ್ಕೆ ಕಾರಣ, ಅಂಥ ಕಲ್ಲುಗಳು ಸಾವಿರಾರು ಇವೆ, ಹಲವಕ್ಕೆ ಬರಹವಿದೆ, ಆ ನಂಬಿಕೆಯ ಪರಂಪರೆ ಇನ್ನೂ ಉಸಿರಾಡುತ್ತಿದೆ. ಒಂದೇ ಒಂದು ಕಲ್ಲು, ಬರಹವಿಲ್ಲದೆ, ಪರಂಪರೆಯಿಲ್ಲದೆ ಸಿಕ್ಕಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ. ಅನ್ಯಲೋಕದವರ ಕೈಗೆ ಸಿಗುವುದು ಅಂಥ ಒಂಟಿ ಕಲ್ಲು. ಆದ್ದರಿಂದ ಒಂದು ಚಿತ್ರಕ್ಕಿಂತ, ಒಂದೇ ಮಾತನ್ನು ಹಲವು ಬಗೆಯಲ್ಲಿ ಹೇಳುವ ಹಲವು ಪುಟಗಳು ಮೇಲು ಎಂಬುದು ನನ್ನ ಸಲಹೆ.

ಗೌರಿಬಿದನೂರಿನ ರೇಡಿಯೊ ಅಭ್ಯಾಸಿ

ಚಿತ್ರದ ಮಾತಿಗೆ ಬರುವ ಮುನ್ನ ಅಲೆಯ ಮಾತನ್ನೂ ಹೇಳಬೇಕು. ಏಕೆಂದರೆ ಇದೊಂದು ಸಂದೇಶ ಎಂದು ಮೊದಲು ಗೊತ್ತಾಗಬೇಕಾದದ್ದು ಅಲೆಯಿಂದ.

ನಮ್ಮೂರ ಬಳಿಯ ರೇಡಿಯೊ ವೀಕ್ಷಣಾಲಯದಿಂದಲೇ ಸಂದೇಶ ಕಳಿಸಬಹುದಲ್ಲವೇ ಎಂದು ಹಲವರು ಕೇಳುತ್ತಾರೆ. ರಾಮನ್ ಸಂಶೋಧನಾ ಸಂಸ್ಥೆ ಮತ್ತು ಭಾರತೀಯ ಖಭೌತ ಸಂಸ್ಥೆ ಸೇರಿ ನಡೆಸುವ ಆ ಕೇಂದ್ರದಲ್ಲಿ ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ 1000 ದ್ವಿಧ್ರುವ ಆಂಟೆನಾಗಳನ್ನು ಹರಡಿ 1976ರಿಂದ 34.5 ಮೆಗಾಹರ್ಟ್ಸ್‌ನಲ್ಲಿ ಆಕಾಶವನ್ನು ಆಲಿಸಿದ್ದಾರೆ. ಅದು ಕಿವಿ ಮಾತ್ರ, ಬಾಯಿಯಲ್ಲ. ಅಲ್ಲದೆ ಅಷ್ಟು ಕೆಳಗಿನ ಕಂಪನಾಂಕದಲ್ಲಿ ನಮ್ಮ ಆಕಾಶಗಂಗೆಯ ಸದ್ದೇ ಬಹಳ ಜೋರು. ದೂರದ ಸಣ್ಣ ಸಂಕೇತ ಅದರಲ್ಲಿ ಮುಳುಗಿಹೋಗುತ್ತದೆ. ಆಕಾಶ ಸಾಕಷ್ಟು ಸ್ತಬ್ಧವಾಗಿರುವುದು ಸುಮಾರು 1000ದಿಂದ 10,000 ಮೆಗಾಹರ್ಟ್ಸ್‌ಗಳ ನಡುವೆ. ಆ ಕಿಂಡಿಯೊಳಗೆ ಜಲಜನಕದ ಪರಮಾಣು ತಾನಾಗಿ ಹೊಮ್ಮಿಸುವ 1420 ಮೆಗಾಹರ್ಟ್ಸ್ ಅಲೆ ಬರುತ್ತದೆ. ವಿಶ್ವದಲ್ಲಿ ಎಲ್ಲೇ ರೇಡಿಯೊ ಖಗೋಳ ಕಲಿತವರಿಗೂ ಅದು ಗೊತ್ತಿರಲೇಬೇಕು ಎಂಬ ತರ್ಕದಿಂದ ಅಲ್ಲೇ ಆಲಿಸಿರೆಂದು 1959ರಲ್ಲಿ ಭೌತವಿಜ್ಞಾನಿಗಳಾದ ಕೊಕೋನಿ ಮತ್ತು ಮಾರಿಸನ್ ಸೂಚಿಸಿದರು. ಮರುವರ್ಷವೇ ಡ್ರೇಕ್ ಎರಡು ನಕ್ಷತ್ರಗಳ ಕಡೆಗೆ ಕಿವಿ ಇಟ್ಟರು.

ಇನ್ನು ಕ್ರಮಬದ್ಧವಾಗಿ ಮಿಡಿದರೆ ಸಾಕು, ಬುದ್ಧಿವಂತರೆಂದು ತಿಳಿಯುತ್ತದೆ ಎಂಬ ನಂಬಿಕೆಯೊಂದಿದೆ. ಅದು ನಿಲ್ಲುವುದಿಲ್ಲ. 1967ರಲ್ಲಿ ಕೇಂಬ್ರಿಜ್‌ನ ಜೋಸೆಲಿನ್ ಬೆಲ್ 1.337 ಸೆಕೆಂಡಿಗೊಮ್ಮೆ ತಪ್ಪದೆ ಬರುವ ಮಿಡಿತವನ್ನು ಗುರುತಿಸಿದಾಗ ಅದಕ್ಕೆ ಸ್ವಲ್ಪ ಕಾಲ ‘ಪುಟ್ಟ ಹಸಿರು ಮನುಷ್ಯರು’ ಎಂಬ ಅಡ್ಡಹೆಸರೇ ಇತ್ತು. ಕೊನೆಗೆ ಅದು ಪಲ್ಸಾರ್, ಎಂದರೆ ವೇಗವಾಗಿ ತಿರುಗುತ್ತಾ ಮಿಡಿಯುವ ಒಂದು ಬಗೆಯ ನಕ್ಷತ್ರ ಎಂದು ತಿಳಿಯಿತು. ಗಡಿಯಾರದಂತೆ ಮಿಡಿಯುವುದು ಪ್ರಕೃತಿಗೂ ಸಾಧ್ಯ. 2, 3, 5, 7, 11 ಎಂದು ಅವಿಭಾಜ್ಯ ಸಂಖ್ಯೆಗಳಲ್ಲಿ ಮಿಡಿಯುವ ಯಾವ ನಕ್ಷತ್ರವನ್ನೂ ನಾವು ಕಂಡಿಲ್ಲ. ಮಕ್ಕಳ ಸಂದೇಶದ ಮೊದಲ ಸಾಲಿಗೆ ಅದು ತಕ್ಕದ್ದು. ಮೊದಲ ಕೆಲಸ ಇಷ್ಟೇ: ಕೇಳುವವರನ್ನು ನಿಲ್ಲಿಸಿ, ಇದು ತಾನಾಗಿ ಹುಟ್ಟಿದ ಸದ್ದಲ್ಲವೆಂದು ತಿಳಿಸುವುದು.

ಚಿಂತಾಮಣಿಯ ಎಂಜಿನಿಯರ್

ಸಂವಹನ ಕ್ಷೇತ್ರದಲ್ಲಿ ಕೆಲಸ ಮಾಡುವವನಾಗಿ ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು ಕಳೆದುಹೋಗುವ ಬಿಟ್‌ನ ವಿಷಯ. ದಾರಿಯಲ್ಲಿ ಒಂದು ಸೊನ್ನೆ ಒಂದಾಗಿ ಬದಲಾದರೆ ಚಿತ್ರದಲ್ಲಿ ಒಂದು ಚುಕ್ಕೆ ಮಾತ್ರ ಕೆಡುತ್ತದೆ. ಒಂದು ಅಂಕಿಯೇ ತಪ್ಪಿಹೋದರೆ ಅಲ್ಲಿಂದಾಚೆಗಿನ ಎಲ್ಲ ಸಾಲುಗಳೂ ಒಂದೊಂದು ಮನೆ ಪಕ್ಕಕ್ಕೆ ಸರಿದು ಚಿತ್ರ ಓರೆಯಾಗಿ ಹರಿದುಕೊಳ್ಳುತ್ತದೆ. ಮೇಲಾಗಿ ಒಟ್ಟು ಸಂಖ್ಯೆ 1679 ಹೋಗಿ 1678 ಆದರೆ ಮಡಿಸುವ ಸುಳಿವೇ ಮಾಯವಾಗುತ್ತದೆ. 1678ರ ಅಪವರ್ತನ 2 ಮತ್ತು 839. ಅರೆಸಿಬೊ ಸಂದೇಶದ ದೊಡ್ಡ ದೌರ್ಬಲ್ಯ ಇದೆಂದು ನಾನು ತಿಳಿಯುತ್ತೇನೆ. ಕೆನಡಾದ ಇವಾನ್ ದ್ಯುತಿಲ್ ಮತ್ತು ಸ್ತೆಫಾನ್ ದ್ಯುಮಾ 1999ರಲ್ಲಿ ಕ್ರಿಮಿಯದ ಎವ್ಪಟೋರಿಯಾದ 70 ಮೀಟರ್ ಆಂಟೆನಾದಿಂದ ಹೋದ ಸಂದೇಶವನ್ನು ರೂಪಿಸುವಾಗ ಇದನ್ನೆಲ್ಲ ಯೋಚಿಸಿದ್ದರು. ಪ್ರತಿ ಪುಟ 127 ಸಾಲು, 127 ಕಂಬ. 127 ಅವಿಭಾಜ್ಯವಾದ್ದರಿಂದ ಚೌಕವಲ್ಲದೆ ಬೇರೆ ಆಕಾರಕ್ಕೆ ಮಡಿಕೆ ಬೀಳುವುದಿಲ್ಲ. ಪುಟದ ಸುತ್ತ ಚೌಕಟ್ಟಿದೆ. ಒಂದೊಂದು ಚಿಹ್ನೆಯೂ ಇನ್ನೊಂದರಿಂದ ಎಷ್ಟು ಭಿನ್ನವೆಂದರೆ ಕೆಲವು ಚುಕ್ಕೆ ಅಳಿಸಿಹೋದರೂ ಒಂದನ್ನು ಇನ್ನೊಂದೆಂದು ತಿಳಿಯುವ ಭಯವಿಲ್ಲ. ಚೌಕಟ್ಟಿನ ಉಪಯೋಗ ಅಲಂಕಾರಕ್ಕಲ್ಲ. ಪ್ರತಿ ಸಾಲೂ 1ರಿಂದ ಶುರುವಾದರೆ, ಎಡ ಅಂಚಿನ ನೇರ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲೇ ಒಂದು ಅಂಕಿ ಕಳೆದಿದೆಯೆಂದು ಓದುವವನಿಗೆ ತಾನಾಗಿ ತಿಳಿಯುತ್ತದೆ. ಮೇಷ್ಟ್ರು ಕೇಳಿದ ಖಾತ್ರಿಗೆ ಇದೊಂದು ಒಳ್ಳೆಯ ಉದಾಹರಣೆ.

ಎರಡನೆಯದು ಲೆಕ್ಕ ಕಲಿಸುವ ಬಗೆ. ಗೂಢಲಿಪಿ ಬರೆಯುವವನು ಸುಳಿವುಗಳನ್ನು ಅಳಿಸುತ್ತಾನೆ. ನಮ್ಮದು ಅದಕ್ಕೆ ತದ್ವಿರುದ್ಧವಾದ ಕೆಲಸ, ಸುಳಿವುಗಳನ್ನು ರಾಶಿ ಹಾಕಬೇಕು. ಬಹಳ ಮಂದಿ ಎರಡು, ಒಂದು ಚಿಹ್ನೆ, ಎರಡು, ಇನ್ನೊಂದು ಚಿಹ್ನೆ, ನಾಲ್ಕು ಎಂದು ಆರಂಭಿಸುತ್ತಾರೆ. ಎರಡು ಮತ್ತು ಎರಡನ್ನು ಕೂಡಿದರೂ ನಾಲ್ಕು, ಗುಣಿಸಿದರೂ ನಾಲ್ಕು, ಎರಡರ ಎರಡನೆಯ ಘಾತವೂ ನಾಲ್ಕು. ಆ ಚಿಹ್ನೆ ಯಾವುದನ್ನು ಸೂಚಿಸುತ್ತದೆಂದು ಓದುವವನಿಗೆ ಹೇಗೆ ತಿಳಿಯಬೇಕು? ಎರಡು ಮತ್ತು ಮೂರನ್ನು ಇಟ್ಟುಕೊಳ್ಳಿ. ಕೂಡಿದರೆ 5, ಗುಣಿಸಿದರೆ 6, ಘಾತಕ್ಕೇರಿಸಿದರೆ 8. ಅದೇ ಜೋಡಿ, ಮೂರು ಚಿಹ್ನೆ, ಮೂರು ಉತ್ತರ. ಜತೆಗೆ ಹತ್ತಾರು ಉದಾಹರಣೆ ಕೊಟ್ಟು, ಕೊನೆಗೆ ಒಂದರಲ್ಲಿ ಉತ್ತರದ ಜಾಗವನ್ನು ಖಾಲಿ ಬಿಟ್ಟು ಮುಂದಿನ ಸಾಲಿನಲ್ಲಿ ತುಂಬಿ ತೋರಿಸಿ. ಓದುವವನು ತನ್ನ ಉತ್ತರವನ್ನು ಅದರೊಡನೆ ತಾಳೆ ನೋಡಿಕೊಳ್ಳುತ್ತಾನೆ.

ತುಮಕೂರಿನ ಗಣಿತ ಶಿಕ್ಷಕ

ಎಂಜಿನಿಯರ್ ಅವರಿಗೆ ಕೃತಜ್ಞತೆಗಳು. ಉತ್ತರದ ಜಾಗ ಖಾಲಿ ಬಿಡುವ ಸೂಚನೆಯನ್ನು ಹಾಗೆಯೇ ತೆಗೆದುಕೊಳ್ಳುತ್ತೇನೆ.

ನಾನು ಹೇಳಿದ ಖಾತ್ರಿಗೆ ಅತ್ಯುತ್ತಮ ಮಾದರಿ 1977ರ ವಾಯೇಜರ್ ನೌಕೆಗಳ ಚಿನ್ನದ ಲೇಪದ ತಟ್ಟೆಯಲ್ಲಿದೆ. ಆ ತಟ್ಟೆಯಲ್ಲಿ ಧ್ವನಿಯಷ್ಟೇ ಅಲ್ಲದೆ ನೂರಕ್ಕೂ ಹೆಚ್ಚು ಚಿತ್ರಗಳೂ ಅಡಕವಾಗಿವೆ. ಒಂದೊಂದು ಚಿತ್ರವೂ 512 ಗೆರೆಗಳಾಗಿ ಬಿಡಿಸಿಕೊಳ್ಳುತ್ತದೆ. ಗೆರೆಗಳನ್ನು ಹೇಗೆ ಜೋಡಿಸಬೇಕೆಂದು ಮುಚ್ಚಳದ ಮೇಲೆ ಕೊರೆದಿದ್ದಾರೆ, ಕಾಲದ ಅಳತೆಗೆ ಜಲಜನಕದ ಮಿಡಿತವನ್ನೇ ಮಾನವಾಗಿ ಇಟ್ಟಿದ್ದಾರೆ. ಜೋಡಣೆ ಸರಿಯಾದರೆ ಮೊದಲು ಮೂಡುವ ಚಿತ್ರ ಒಂದು ವೃತ್ತ. ಅದೇ ವೃತ್ತ ಮುಚ್ಚಳದ ಮೇಲೂ ಇದೆ. ಚಿತ್ರದಲ್ಲಿ ಅಂಡಾಕಾರ ಬಂದರೆ ಉದ್ದಗಲದ ಪ್ರಮಾಣ ತಪ್ಪಿದೆ. ವೃತ್ತವೇ ಬಂದರೆ ಮುಂದಿನ ಚಿತ್ರಗಳನ್ನು ಧೈರ್ಯವಾಗಿ ನೋಡಬಹುದು. ಇಷ್ಟು ಸರಳವಾದ, ಇಷ್ಟು ದೃಢವಾದ ಉಪಾಯವನ್ನು ನಾನು ಬೇರೆ ಯಾವ ಸಂದೇಶದಲ್ಲೂ ಕಂಡಿಲ್ಲ. ಅದೇ ತಟ್ಟೆಯಲ್ಲಿ 55 ಭಾಷೆಗಳ ಶುಭಾಶಯಗಳಿವೆ, ಕನ್ನಡಿಗರ ಪರವಾದ ಶುಭಾಶಯವೂ ಇದೆ, ಕೇಸರಬಾಯಿ ಕೇರ್ಕರ್ ಅವರ ಭೈರವಿಯೂ ಇದೆ. ಅವು ನನಗೆ ಬಹಳ ಪ್ರಿಯವಾದವು. ಆದರೆ ಅರ್ಥವಾಗಲೆಂದು ಇಟ್ಟವಲ್ಲ, ನಾವು ಹೀಗೆ ದನಿ ಮಾಡುತ್ತೇವೆಂದು ತೋರಿಸಲು ಇಟ್ಟವು.

ಶಿಡ್ಲಘಟ್ಟದ ಮೇಡಂ ಎತ್ತಿದ ಅರ್ಥದ ಪ್ರಶ್ನೆಗೆ ಹಾನ್ಸ್ ಫ್ರಾಯ್ಡೆಂತಾಲ್ ಎಂಬ ಗಣಿತಜ್ಞ 1960ರಲ್ಲಿ ಒಂದು ದಾರಿ ತೋರಿಸಿದ್ದಾರೆ. ಅವರ ಲಿಂಕೋಸ್ ಎಂಬ ಭಾಷೆ ಮಿಡಿತಗಳ ಎಣಿಕೆಯಿಂದ ಆರಂಭವಾಗಿ, ಲೆಕ್ಕ, ತರ್ಕ, ಕಾಲ ಇವನ್ನು ದಾಟಿ, ನಡವಳಿಕೆಯ ಅಧ್ಯಾಯಕ್ಕೆ ಬರುತ್ತದೆ. ಅಲ್ಲಿ ಇಬ್ಬರು ಮಾತನಾಡುತ್ತಾರೆ. ಒಬ್ಬ ಲೆಕ್ಕ ಕೇಳುತ್ತಾನೆ, ಇನ್ನೊಬ್ಬ ಉತ್ತರಿಸುತ್ತಾನೆ, ಕೇಳಿದವನು ಆ ಉತ್ತರವನ್ನು ಮೆಚ್ಚುತ್ತಾನೆ ಅಥವಾ ಮೆಚ್ಚುವುದಿಲ್ಲ. ಉತ್ತರ ನಿಜವಾಗಿದ್ದೂ ಮೆಚ್ಚುಗೆ ಪಡೆಯದಿರಬಹುದು. ಹಾಗಾಗಿ ನಿಜ ಬೇರೆ, ಒಳ್ಳೆಯದು ಬೇರೆ ಎಂಬುದು ಓದುವವನಿಗೆ ನಿಧಾನವಾಗಿ ತಿಳಿಯುತ್ತದೆ. ಚಿತ್ರದ ಸಹಾಯವಿಲ್ಲದೆ, ಲೆಕ್ಕದ ತರಗತಿಯೊಂದರಲ್ಲಿ ನಡೆಯುವ ಮಾತುಕತೆಯಿಂದಲೇ ಮನುಷ್ಯರ ನಡುವಿನ ಸಂಬಂಧಕ್ಕೆ ಬಾಗಿಲು ತೆರೆದದ್ದನ್ನು ಓದಿದಾಗ, ಮೂವತ್ತು ಮಕ್ಕಳ ಎದುರು ದಿನವೂ ಅದೇ ಕೆಲಸ ಮಾಡುವ ನನಗೆ ಮನಸ್ಸು ತುಂಬಿಬಂತು.

ತಿಪಟೂರಿನ ಜೀವಶಾಸ್ತ್ರ ಉಪನ್ಯಾಸಕಿ

ಅರೆಸಿಬೊ ಸಂದೇಶದ ಜೀವಶಾಸ್ತ್ರದ ಭಾಗದ ಬಗ್ಗೆ ಬರೆಯಬೇಕು. ಮೊದಲು ಜಲಜನಕ, ಇಂಗಾಲ, ಸಾರಜನಕ, ಆಮ್ಲಜನಕ, ರಂಜಕ ಈ ಐದರ ಪರಮಾಣು ಸಂಖ್ಯೆಗಳು. ಆಮೇಲೆ ಅವುಗಳಿಂದ ಡಿಎನ್‌ಎಯ ಘಟಕಗಳ ಸೂತ್ರಗಳು. ಆಮೇಲೆ ಹೆಣೆದುಕೊಂಡ ಎರಡು ಎಳೆಗಳು, ಅವುಗಳ ನಡುವೆ ಸುಮಾರು 430 ಕೋಟಿಯನ್ನು ಸೂಚಿಸುವ ಸಂಖ್ಯೆ. ನಮ್ಮ ಡಿಎನ್‌ಎಯ ಅಕ್ಷರ ಜೋಡಿಗಳು 300 ಕೋಟಿಗಿಂತ ಸ್ವಲ್ಪ ಹೆಚ್ಚು ಎಂದು ಆಮೇಲೆ ತಿಳಿಯಿತು. ಮನುಷ್ಯನ ಎತ್ತರವನ್ನು ಅಲೆಯ ಉದ್ದದಲ್ಲಿ ಅಳೆದಿರುವುದು ನನಗೆ ತುಂಬ ಹಿಡಿಸಿದ ಸಂಗತಿ: ಸಂದೇಶ ಹೊತ್ತ ಅಲೆಯ ಉದ್ದ 12.6 ಸೆಂಟಿಮೀಟರ್, ಅದರ 14 ಪಟ್ಟು ಎಂದರೆ 176 ಸೆಂಟಿಮೀಟರ್. ಅಳತೆಗೋಲನ್ನು ಬೇರೆ ಕಳಿಸಬೇಕಿಲ್ಲ, ಕಾಗದವೇ ಅಳತೆಗೋಲು.

ಆದರೆ ಎಡ ಬಲ? ಸಾಲನ್ನು ಎಡದಿಂದ ಬಲಕ್ಕೆ ಬರೆಯಬೇಕೋ ಬಲದಿಂದ ಎಡಕ್ಕೋ ಎಂಬುದು ಅಂಕಿಗಳಲ್ಲಿ ಇಲ್ಲ. ಅವರು ನಮ್ಮ ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಬಿಡಿಸಿಕೊಂಡರೆ ಅವರಿಗೆ ಅದು ತಿಳಿಯುವ ಬಗೆಯೇ ಇಲ್ಲ. ಜೀವಶಾಸ್ತ್ರದಲ್ಲಿ ಇದು ಸಣ್ಣ ವಿಷಯವಲ್ಲ. ನಮ್ಮ ಡಿಎನ್‌ಎ ಬಲಗೈ ತಿರುವಿನದು. ನಮ್ಮ ಪ್ರೋಟೀನುಗಳ ಅಮೈನೊ ಆಮ್ಲಗಳು ಎಡಗೈ ಬಗೆಯವು. ಅವರಲ್ಲಿ ಜೀವವಿದ್ದು ಅದು ತಿರುಗಾಮುರುಗಾ ಇದ್ದರೆ, ಜೀವ ಎಂಬುದು ಎರಡು ಬೇರೆ ಬೇರೆ ಕಡೆ ಪ್ರತ್ಯೇಕವಾಗಿ ಹುಟ್ಟಿತು ಎನ್ನಲು ಅದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ. ಆದರೆ ನಮ್ಮದು ಎಡ, ನಿಮ್ಮದು ಯಾವುದು ಎಂದು ಕೇಳಲು ಎಡವೆಂದರೇನೆಂದು ಮೊದಲು ಹೇಳಬೇಕಲ್ಲ! ಪಯೋನಿಯರ್ ಫಲಕಕ್ಕೆ ಈ ತೊಡಕಿಲ್ಲ, ಏಕೆಂದರೆ ಫಲಕವೇ ಕೈಗೆ ಸಿಗುತ್ತದೆ. ಅದರಲ್ಲಿನ ಗಂಡಸು ಎತ್ತಿರುವುದು ಬಲಗೈಯೇ ಎಂಬುದು ಕಣ್ಣಿಗೆ ಕಾಣುತ್ತದೆ. ಬರೀ ಮಿಡಿತಗಳಲ್ಲಿ ಎಡ ಬಲವನ್ನು ತಿಳಿಸುವುದು ಹೇಗೆಂಬ ಈ ಪ್ರಶ್ನೆಗೆ ಮಾರ್ಟಿನ್ ಗಾರ್ಡ್ನರ್ ಓಜ್ಮಾ ಸಮಸ್ಯೆ ಎಂದು ಹೆಸರಿಟ್ಟರು.

ಇದಕ್ಕೆ ಭೌತಶಾಸ್ತ್ರದಲ್ಲಿ ಒಂದು ಉತ್ತರವಿದೆ. 1956–57ರಲ್ಲಿ ಭೌತವಿಜ್ಞಾನಿ ಚಿಯೆನ್ ಶಿಯುಂಗ್ ವೂ ಅವರು ಕೋಬಾಲ್ಟ್-60ರ ಪರಮಾಣು ಬೀಜಗಳನ್ನು ಅತಿಶೀತದಲ್ಲಿ ಕಾಂತಕ್ಷೇತ್ರದಲ್ಲಿ ಸಾಲಾಗಿ ನಿಲ್ಲಿಸಿದಾಗ, ಹೊರಬರುವ ಎಲೆಕ್ಟ್ರಾನುಗಳು ಬೀಜದ ತಿರುಗುವಿಕೆಯ ದಿಕ್ಕಿಗೆ ಎದುರಾಗಿ ಹೆಚ್ಚು ಹೊರಟವು. ಪ್ರಕೃತಿ ಎಡ ಬಲಗಳಲ್ಲಿ ಭೇದ ಮಾಡುತ್ತದೆಂದು ಗೊತ್ತಾಯಿತು. ಆ ಪ್ರಯೋಗವನ್ನು ವಿವರಿಸಿದರೆ ಅವರೂ ಮಾಡಿ ನೋಡಬಹುದು. ಆದರೆ ಅದನ್ನು ವಿವರಿಸುವಷ್ಟು ಭಾಷೆ ಕಟ್ಟಲು ಎಷ್ಟು ಪುಟ ಬೇಕು?

ಗೌರಿಬಿದನೂರಿನ ರೇಡಿಯೊ ಅಭ್ಯಾಸಿ

ಮೇಡಂ, ಅಷ್ಟು ದೂರ ಹೋಗಬೇಕಾಗಿಲ್ಲ. ರೇಡಿಯೊ ಅಲೆಯನ್ನು ವೃತ್ತೀಯವಾಗಿ ಧ್ರುವೀಕರಿಸಿ ಕಳಿಸಬಹುದು. ಆಗ ಅಲೆಯ ವಿದ್ಯುತ್ ಕ್ಷೇತ್ರ ಮುಂದೆ ಸಾಗುತ್ತಾ ಬಲಕ್ಕೋ ಎಡಕ್ಕೋ ಸುತ್ತುತ್ತದೆ. ಅದನ್ನು ಆಂಟೆನಾದಿಂದ ನೇರವಾಗಿ ಅಳೆಯಬಹುದು. ನಮ್ಮೂರ ಕೇಂದ್ರದಲ್ಲೇ ಸೂರ್ಯನಿಂದ ಬರುವ ರೇಡಿಯೊ ಅಲೆಗಳ ಧ್ರುವೀಕರಣವನ್ನು ಅಳೆಯುತ್ತಾರೆ. ನಕ್ಷತ್ರಗಳ ನಡುವಿನ ಅನಿಲ ಮತ್ತು ಕಾಂತಕ್ಷೇತ್ರ ಸರಳರೇಖೆಯ ಧ್ರುವೀಕರಣವನ್ನು ತಿರುಗಿಸಿಬಿಡುತ್ತವೆ, ವೃತ್ತೀಯ ಅಲೆಯ ಎಡ ಬಲವನ್ನು ಬದಲಿಸುವುದಿಲ್ಲ. ಹಾಗಾಗಿ ಅಲೆಯೇ ಒಂದು ತಿರುಪು ಮೊಳೆಯಾಗಿ ಅವರ ಕೈಸೇರುತ್ತದೆ. ಸಂದೇಶದೊಳಗೆ ಒಂದು ಸುರುಳಿಯ ಚಿತ್ರವಿಟ್ಟು, ಇದು ಈ ಅಲೆ ತಿರುಗುವ ಬಗೆ ಎಂದು ತೋರಿಸಿದರೆ ಆಯಿತು. ಮೇಡಂ ಮೆಚ್ಚಿದ ಎತ್ತರದ ಉಪಾಯಕ್ಕೆ ಇದು ಒಡಹುಟ್ಟಿದ್ದು.

ಬಂಗಾರಪೇಟೆಯ ಸದಸ್ಯ

ನ್ಯೂಟ್ರಿನೊಗಳೆಂಬ ಅತಿಸೂಕ್ಷ್ಮ ಕಣಗಳ ಮೂಲಕ ಸಂದೇಶ ಕಳಿಸುವುದು ಮೇಲಲ್ಲವೇ? ನಮ್ಮ ಕೆ.ಜಿ.ಎಫ್. ಗಣಿಯಲ್ಲಿ, ನೆಲದಡಿ ಎರಡು ಕಿಲೋಮೀಟರಿಗೂ ಹೆಚ್ಚಿನ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊಗಳನ್ನು 1965ರಲ್ಲೇ ಪತ್ತೆ ಮಾಡಿದರು. ಅವನ್ನು ಯಾವ ಧೂಳೂ ತಡೆಯುವುದಿಲ್ಲ.

ಚಿಂತಾಮಣಿಯ ಎಂಜಿನಿಯರ್

ಯಾವುದೂ ತಡೆಯುವುದಿಲ್ಲ ಎಂಬುದೇ ಅದರ ಕಷ್ಟವೂ ಹೌದು, ಹಿಡಿಯುವ ಯಂತ್ರಕ್ಕೂ ಅದು ಸಿಗುವುದಿಲ್ಲ. 2012ರಲ್ಲಿ ಅಮೆರಿಕದ ಫರ್ಮಿಲ್ಯಾಬ್‌ನಲ್ಲಿ 240 ಮೀಟರ್ ಬಂಡೆಯ ಮೂಲಕ ಒಂದು ಪದವನ್ನು ನ್ಯೂಟ್ರಿನೊಗಳಲ್ಲಿ ಕಳಿಸಿ ತೋರಿಸಿದರು. ವೇಗ ಸೆಕೆಂಡಿಗೆ 0.1 ಬಿಟ್. ಒಂದು ಬಿಟ್‌ಗೆ ಹತ್ತು ಸೆಕೆಂಡು, ಅದೂ ಒಂದು ಕಿಲೋಮೀಟರಿನಷ್ಟು ದೂರಕ್ಕೆ.

ಮಧುಗಿರಿಯ ಕನ್ನಡ ಉಪನ್ಯಾಸಕ

ಮಡಿಸುವ ಚೌಕದ ಮಾತು ಬಂದಾಗಿನಿಂದ ನನಗೆ ಸಿರಿಭೂವಲಯ ನೆನಪಾಗುತ್ತಿದೆ. ನಂದಿಬೆಟ್ಟದ ಸೀಮೆಯವನೆಂದು ಹೇಳಲಾಗುವ ಕುಮುದೇಂದು ಮುನಿಯ ಹೆಸರಿನಲ್ಲಿರುವ ಆ ಗ್ರಂಥದ ಕಾಲದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆ ವಾದಕ್ಕೆ ಇಲ್ಲಿ ಕೈಹಾಕುವುದಿಲ್ಲ. ಅದರ ರಚನೆ ಮಾತ್ರ ಈ ಚರ್ಚೆಗೆ ನೇರವಾಗಿ ಸಂಬಂಧಿಸಿದ್ದು. 27 ಸಾಲು, 27 ಕಂಬಗಳ ಚಕ್ರ. ಒಂದೊಂದು ಮನೆಯಲ್ಲಿ 1ರಿಂದ 64ರೊಳಗಿನ ಒಂದು ಅಂಕಿ. ಒಂದೊಂದು ಅಂಕಿಗೆ ಒಂದೊಂದು ಅಕ್ಷರ. ಯಾವ ಮನೆಯಿಂದ ಯಾವ ಮನೆಗೆ ಹೋಗಬೇಕೆಂಬ ಬಂಧದ ಕ್ರಮ ತಿಳಿದವನಿಗೆ ಪದ್ಯ ಒಲಿಯುತ್ತದೆ, ತಿಳಿಯದವನಿಗೆ ಅಂಕಿಗಳ ರಾಶಿ ಮಾತ್ರ.

ಮೇಷ್ಟ್ರ ಮಾತಿನ ಪ್ರಕಾರ ಲೆಕ್ಕ ಹಾಕಿ ನೋಡಿದೆ. 27 ಗುಣಿಸು 27 ಎಂದರೆ 729. ಚಕ್ರದ ಚೌಕಟ್ಟನ್ನು ಅಳಿಸಿ ಅಂಕಿಗಳನ್ನು ಒಂದೇ ಸಾಲಾಗಿ ಬರೆದುಕೊಟ್ಟರೆ 27ಕ್ಕೆ 27 ಆಗಿಯೂ ಮಡಿಸಬಹುದು, 9ಕ್ಕೆ 81 ಆಗಿಯೂ ಮಡಿಸಬಹುದು, 3ಕ್ಕೆ 243 ಆಗಿಯೂ ಮಡಿಸಬಹುದು. ಚೌಕದಾಚೆಗೆ ಓದುವ ದಾರಿ ಬೇರೆ ಬೇಕು, ಅಂಕಿಗೂ ಅಕ್ಷರಕ್ಕೂ ಇರುವ ನಂಟು ಬೇರೆ ಬೇಕು. ಬೀಗದ ಕೈಯನ್ನು ಗುರು ಶಿಷ್ಯನಿಗೆ ಕೊಡುತ್ತಾನೆಂಬ ಭರವಸೆಯ ಮೇಲೆ ನಿಂತ ರಚನೆ ಅದು. ಮಕ್ಕಳ ಸಂದೇಶಕ್ಕೆ ಗುರು ಜತೆಯಲ್ಲಿ ಹೋಗುವುದಿಲ್ಲ, ಅದು ತನ್ನ ಗುರುವನ್ನು ತನ್ನೊಳಗೇ ಹೊತ್ತು ಹೋಗಬೇಕು.

ಗುಬ್ಬಿಯ ಸದಸ್ಯ

ಇದೆಲ್ಲ ಸರಿ, ಆದರೆ ನಾವಿರುವ ಜಾಗವನ್ನು ಹೀಗೆ ಸಾರಿ ಹೇಳುವುದು ಕ್ಷೇಮವೇ? ಸ್ಟೀಫನ್ ಹಾಕಿಂಗ್ ಅವರೇ ಎಚ್ಚರಿಸಿದ್ದರಲ್ಲ.

ನಿರ್ವಾಹಕರು

ತಮ್ಮ ಪ್ರಶ್ನೆ ಗಂಭೀರವಾದದ್ದು, ಅದಕ್ಕೆ ಬೇರೆಯೇ ಚರ್ಚೆ ಬೇಕು. ಈ ಸಂದೇಶ ತುಮಕೂರಿನಿಂದ ಗೌರಿಬಿದನೂರಿಗೆ ಹೋಗುವುದರಿಂದ ಇಲ್ಲಿ ರಚನೆಯ ವಿಷಯವನ್ನಷ್ಟೇ ಮುಂದುವರಿಸೋಣ.

ಚಿಂತಾಮಣಿಯ ಎಂಜಿನಿಯರ್

ಮೇಷ್ಟ್ರ ಮೂಲ ನಿಲುವನ್ನು ಪರೀಕ್ಷೆಗೆ ಒಡ್ಡುವಂಥ ಒಂದು ನಿಜ ಪ್ರಸಂಗವಿದೆ. 2023ರ ಮೇ 24ರಂದು ಕಲಾವಿದೆ ಡೇನಿಯೆಲಾ ಡಿ ಪೌಲಿಸ್ ನೇತೃತ್ವದ ತಂಡ ಮಂಗಳ ಗ್ರಹವನ್ನು ಸುತ್ತುತ್ತಿರುವ ಯುರೋಪಿನ ಟ್ರೇಸ್ ಗ್ಯಾಸ್ ನೌಕೆಯಿಂದ, ಅನ್ಯಲೋಕದ್ದೋ ಎಂಬಂತೆ ರೂಪಿಸಿದ ಸಂದೇಶವೊಂದನ್ನು ಭೂಮಿಗೆ ಕಳಿಸಿತು. ಬಿಡಿಸುವ ಕೆಲಸಕ್ಕೆ ಜಗತ್ತಿಗೆಲ್ಲ ಆಹ್ವಾನವಿತ್ತು. ಸಂಕೇತದಿಂದ ಅಂಕಿಗಳನ್ನು ಬೇರ್ಪಡಿಸಿ ಕಪ್ಪು ಹಿನ್ನೆಲೆಯಲ್ಲಿ ಬಿಳಿ ಚುಕ್ಕೆಗಳ ಐದು ಗುಂಪುಗಳನ್ನು ಪಡೆಯಲು ಹೆಚ್ಚು ದಿನ ಹಿಡಿಯಲಿಲ್ಲ. ಅದರ ಅರ್ಥ ಹೊಳೆಯಲು ವರ್ಷವೇ ಬೇಕಾಯಿತು. 2024ರಲ್ಲಿ ಅಮೆರಿಕದ ಒಬ್ಬ ತಂದೆ ಮತ್ತು ಮಗಳು ಆ ಚುಕ್ಕೆಗಳನ್ನು ಸ್ಥಿರಚಿತ್ರವೆಂದು ತಿಳಿಯದೆ, ನೆರೆಯ ಚುಕ್ಕೆಗಳನ್ನು ನೋಡಿ ಹೆಜ್ಜೆಹೆಜ್ಜೆಗೂ ಬದಲಾಗುವ ಒಂದು ಗಣಿತ ನಿಯಮಕ್ಕೆ ಒಳಪಡಿಸಿದಾಗ ಐದು ಅಮೈನೊ ಆಮ್ಲಗಳ ರಚನೆಗಳು ಮೂಡಿದವು.

ಇಲ್ಲಿ ಮೇಷ್ಟ್ರು ಕೇಳಿದ ಖಾತ್ರಿ ಪೂರ್ತಿಯಾಗಿ ಇತ್ತು. ಯಾವುದೋ ತಪ್ಪು ನಿಯಮದಿಂದ, ರಸಾಯನಶಾಸ್ತ್ರ ಒಪ್ಪುವ ಐದು ಅಣುಗಳು ಆಕಸ್ಮಿಕವಾಗಿ ಮೂಡುವುದು ಸಾಧ್ಯವಿಲ್ಲ. ಬಿಡಿಸಿದ ಕ್ಷಣವೇ ಬಿಡಿಸಿದೆವೆಂದು ಅವರಿಗೆ ತಿಳಿದಿತ್ತು. ಆದರೂ ಅಮೈನೊ ಆಮ್ಲಗಳನ್ನು ಕಳಿಸಿದ್ದೇಕೆ ಎಂಬುದಕ್ಕೆ ಸಂದೇಶ ಉತ್ತರ ಕೊಡುವುದಿಲ್ಲ. ಅದು ಪರಿಚಯವೋ, ಕಾಣಿಕೆಯೋ, ಎಚ್ಚರಿಕೆಯೋ? ಓದು ಸರಿಯೆಂಬ ಖಾತ್ರಿ ಸಿಗಬಹುದು. ಬರೆದವರ ಉದ್ದೇಶದ ಖಾತ್ರಿ ಬೇರೆಯದೇ ವಿಷಯ. ಬರೆದವರು, ಓದುವವರು ಇಬ್ಬರೂ ಮನುಷ್ಯರಾಗಿದ್ದೂ ವರ್ಷ ಹಿಡಿಯಿತು ಎಂಬುದನ್ನೂ ಮರೆಯಬಾರದು.

ಕೋಲಾರದ ಶಾಸನಾಸಕ್ತ

ಉದ್ದೇಶವನ್ನೂ ಸ್ವಲ್ಪ ಮಟ್ಟಿಗೆ ತಿಳಿಸಬಹುದು, ಫ್ರಾಯ್ಡೆಂತಾಲ್ ದಾರಿಯಲ್ಲಿ. ಪ್ರಶ್ನೆ ಕೇಳುವುದು ಎಂದರೇನು ಎಂಬುದನ್ನು ಇಬ್ಬರ ಮಾತುಕತೆಯಲ್ಲಿ ಕಲಿಸಿದ ಮೇಲೆ, ಕೊನೆಯ ಪುಟದಲ್ಲಿ ಉತ್ತರವಿಲ್ಲದ ಒಂದು ಪ್ರಶ್ನೆಯನ್ನು ಓದುವವನಿಗೇ ಇಡಬಹುದು. ಅದಕ್ಕೆ ಉತ್ತರ ಬರೆಯಬೇಕೆಂದು ಅವನಿಗೆ ಅನ್ನಿಸಿದರೆ, ನಾವು ಬರೆದದ್ದು ಮಾತನಾಡಲೆಂದು ಎಂಬುದೂ ಅವನಿಗೆ ತಿಳಿದಂತೆಯೇ.

ತುಮಕೂರಿನ ಗಣಿತ ಶಿಕ್ಷಕ

ಎಂಜಿನಿಯರ್ ಅವರ ಆಕ್ಷೇಪ ನ್ಯಾಯವಾದದ್ದು. ಓದಿನ ಖಾತ್ರಿಯ ಮೇಲೆ ಉದ್ದೇಶದ ಖಾತ್ರಿಯನ್ನೂ ಕಟ್ಟಬೇಕು. ಶಾಸನಾಸಕ್ತರ ಸೂಚನೆ ಅದಕ್ಕೆ ನಾನು ಕಂಡ ಅತ್ಯಂತ ಸರಳವಾದ ದಾರಿ. ಈ ದಿನ ಮಕ್ಕಳೊಂದಿಗೆ ಕೂತು ಹೀಗೆ ನಿರ್ಧರಿಸಿದೆವು. ಸಂದೇಶ ಅವಿಭಾಜ್ಯ ಸಂಖ್ಯೆಗಳ ಮಿಡಿತದಿಂದ ಶುರುವಾಗುತ್ತದೆ. ಪುಟದ ಅಳತೆ 31ಕ್ಕೆ 31, ಏಕೆಂದರೆ 127ಕ್ಕೆ 127 ಬರೆದರೆ ಒಂದು ಪುಟಕ್ಕೆ 16,129 ಅಂಕಿಗಳಾಗುತ್ತವೆ, ಮಕ್ಕಳ ಕೈ ಸೋಲುತ್ತದೆ. ಎಡ ಅಂಚಿನಲ್ಲಿ ಒಂದುಗಳ ಗೆರೆ ಇರುತ್ತದೆ. ಮೊದಲ ಪುಟದಲ್ಲಿ ಚೌಕ ಮತ್ತು ಅದರ ಕರ್ಣ ಮಾತ್ರ. ಮಡಿಕೆ ತಪ್ಪಿದರೆ ಕರ್ಣ ಮೂಲೆಗೆ ಮುಟ್ಟುವುದಿಲ್ಲ, ಸರಿಯಾದರೆ ಮುಟ್ಟುತ್ತದೆ. ಎರಡನೆಯ ಪುಟದಿಂದ 2, 3, 5 ಮತ್ತು 2, 3, 6ರ ಲೆಕ್ಕಗಳು, ನಡುನಡುವೆ ಖಾಲಿ ಜಾಗಗಳು. ಮನುಷ್ಯನ ಚಿತ್ರ ಐದನೆಯ ಪುಟಕ್ಕೆ ಹೋಯಿತು, ಅದೂ ಮೂರು ಬೇರೆ ಬೇರೆ ಭಂಗಿಗಳಲ್ಲಿ, ಶಿಡ್ಲಘಟ್ಟದ ಮನೆಯವರು ಬಾಣವೆಂದೂ ಗಿಡವೆಂದೂ ಓದಿದ್ದನ್ನು ತಪ್ಪಿಸಲು. ಕೊನೆಯ ಪುಟದಲ್ಲಿ ಉತ್ತರವಿಲ್ಲದ ಪ್ರಶ್ನೆ. ಅದೇನೆಂದು ಮಕ್ಕಳು ನನಗೂ ಹೇಳಿಲ್ಲ. ಸೋಮವಾರ ಅಂಚೆಗೆ ಹಾಕುತ್ತೇವೆ.

ಗೌರಿಬಿದನೂರಿನ ರೇಡಿಯೊ ಅಭ್ಯಾಸಿ

ಕಾಗದ ಈ ಶಾಲೆಗೆ ಬಂದ ಮೇಲೆ ಅದನ್ನು ಮೊದಲು ನನ್ನ ಕೈಗೆ ಕೊಡುವಂತೆ ಇಲ್ಲಿನ ಶಿಕ್ಷಕರನ್ನು ಕೇಳಿಕೊಂಡಿದ್ದೇನೆ. ಸಾಲಿನ ನಡುವೆ ಕೆಲವು ಅಂಕಿಗಳನ್ನು ಅಳಿಸಿ, ಕೆಲವನ್ನು ಬದಲಿಸಿ, ಪ್ರತಿ ಮಾಡಿ ಆ ಪ್ರತಿಯನ್ನು ಮಕ್ಕಳಿಗೆ ಕೊಡುತ್ತೇನೆ. ದಾರಿಯಲ್ಲಿ ಅಲೆಗೆ ಆಗುವುದೂ ಅದೇ. ಎಲ್ಲೆಲ್ಲಿ ಕೆಡಿಸಿದೆನೆಂಬುದನ್ನು ಲಕೋಟೆಯಲ್ಲಿ ಮುಚ್ಚಿಟ್ಟು ನಿರ್ವಾಹಕರಿಗೆ ಒಪ್ಪಿಸುತ್ತೇನೆ. ಎಡ ಅಂಚಿನ ಗೆರೆಯೊಂದರಿಂದಲೇ ನಮ್ಮ ಮಕ್ಕಳು ಅವನ್ನು ಪತ್ತೆ ಮಾಡುತ್ತಾರೋ ನೋಡಿ ಇಲ್ಲಿಯೇ ಬರೆಯುತ್ತೇನೆ.